ಊರು ಬಿಟ್ಟವರ ಮನಸ್ಸು

ಕಂದಾಯ ಇಲಾಖೆಯ ಹಳೆಯ ದಫ್ತರಗಳನ್ನು ತಿರುವಿಹಾಕಿದವರಿಗೆ ‘ಬೇಚರಾಕ್’ ಎಂಬ ಮಾತು ಪರಿಚಿತವಾಗಿರಬಹುದು. ಜನವಸತಿಯಿಲ್ಲದ ಗ್ರಾಮವನ್ನು ಅಲ್ಲಿ ಹಾಗೆ ಕರೆಯುತ್ತಾರೆ. ಅದು ಪಾರಸಿಯಿಂದ ಬಂದ ಮಾತು. ‘ಚಿರಾಗ್’ ಎಂದರೆ ದೀಪ. ‘ಬೇಚಿರಾಗ್’ ಎಂದರೆ ದೀಪವಿಲ್ಲದ್ದು. ನಮ್ಮ ಶಾನುಭೋಗರ ಬಾಯಲ್ಲಿ ಅದು ಬೇಚರಾಕ್ ಆಯಿತು. ಅಂಥ ಗ್ರಾಮಕ್ಕೆ ಗಡಿಯುಂಟು, ಸರ್ವೆ ನಂಬರು ಉಂಟು, ಕೆರೆ, ಬಾವಿ, ಮಾರಿಗುಡಿ ಎಲ್ಲವೂ ಉಂಟು. ಸಂಜೆ ದೀಪ ಹಚ್ಚುವವರು ಮಾತ್ರ ಇಲ್ಲ. ಬರ ಬಂದು ಹೋದರು, ಪ್ಲೇಗು ಬಂದು ಹೋದರು, ಪಾಳೆಯಗಾರನ ಕಾಟಕ್ಕೆ ಹೋದರು, ಹೊಳೆ ಉಕ್ಕಿತೆಂದು ಹೋದರು. ಊರಿನ ಗತಿ ಏನಾಯಿತೆಂಬುದನ್ನು ದಫ್ತರ ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತದೆ. ಹೊರಟುಹೋದವರ ಗತಿ ಏನಾಯಿತೆಂದು ಬರೆಯಲು ಅದರಲ್ಲಿ ಕಾಲಂ ಇಲ್ಲ.

ಮೈಸೂರಿನಿಂದ ಪಶ್ಚಿಮಕ್ಕೆ ಹೊರಟರೆ ಸಿಕ್ಕುವ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಸೀಮೆಯಲ್ಲಿ ನಾನು ಆಗಾಗ ತಿರುಗಾಡುವುದುಂಟು. ಕಾವೇರಿ, ಲಕ್ಷ್ಮಣತೀರ್ಥ, ಕಪಿಲೆಯರ ನೀರುಂಡ ನೆಲ. ಒಂದು ಕಡೆ ಬತ್ತದ ಗದ್ದೆ, ಇನ್ನೊಂದು ಕಡೆ ಹೊಗೆಸೊಪ್ಪಿನ ಹೊಲ, ಅದರಾಚೆ ಆನೆಯ ಕಾಡು. ಕಳೆದ ನೂರು ವರ್ಷಗಳಲ್ಲಿ ಈ ನಾಲ್ಕು ತಾಲ್ಲೂಕುಗಳಲ್ಲಿ ಜನ ಹಿಂಡುಹಿಂಡಾಗಿ ಊರು ಬಿಟ್ಟದ್ದೂ ಉಂಟು, ಹಿಂಡುಹಿಂಡಾಗಿ ಬಂದು ನೆಲೆಸಿದ್ದೂ ಉಂಟು. ಅದೇ ನೂರು ವರ್ಷಗಳಲ್ಲಿ ನಮ್ಮ ನಾಡಿನಲ್ಲಿ ಹೊಸದೊಂದು ವೃತ್ತಿಯೂ ಬೆಳೆದಿದೆ. ಮನೋವೈದ್ಯರು, ಆಪ್ತಸಲಹೆಗಾರರು ಎಂದು ನಾವು ಕರೆಯುವವರ ವೃತ್ತಿ. ಇವೆರಡು ಚರಿತ್ರೆಗಳನ್ನು ಸಾಮಾನ್ಯವಾಗಿ ಯಾರೂ ಒಟ್ಟಿಗೆ ಓದುವುದಿಲ್ಲ. ಓದಿದರೆ ಒಂದರ ಬೆಳಕು ಇನ್ನೊಂದರ ಮೇಲೆ ಬೀಳುತ್ತದೆಂದು ನನಗೆ ತೋರುತ್ತದೆ.

ವರ್ಷವೂ ಅದಕ್ಕೆ ಒದಗಿಬಂದಿದೆ. 1924ರ ಕಾವೇರಿಯ ಮಹಾಪ್ರವಾಹದ ಕಥೆಯನ್ನು ಹಳೆಯ ಮೈಸೂರಿನ ಮನೆಗಳಲ್ಲಿ ಅಜ್ಜಂದಿರು ಬಹುಕಾಲ ಹೇಳುತ್ತಿದ್ದರು. ಹೊಳೆದಂಡೆಯ ಎಡತೊರೆ ಆ ಪ್ರವಾಹದ ಪೆಟ್ಟು ತಿಂದಿತು. ಅನಂತರ ಎತ್ತರದ ಜಾಗದಲ್ಲಿ ಹೊಸ ಪಟ್ಟಣವೊಂದು ಎದ್ದಿತು. ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರನ್ನು ಹೊತ್ತು ಅದು ಕೃಷ್ಣರಾಜನಗರವಾಯಿತು. ಅದೇ 1924ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗ ಆರಂಭವಾಯಿತು. ಅದನ್ನು ಕಟ್ಟಿದ ಎಂ. ವಿ. ಗೋಪಾಲಸ್ವಾಮಿಯವರನ್ನು ನಾವು ನೆನೆಯುವುದು 1935ರಲ್ಲಿ ಮೈಸೂರಿನಲ್ಲಿ ‘ಆಕಾಶವಾಣಿ’ಯನ್ನು ಶುರುಮಾಡಿದವರೆಂದು, ಮನಸ್ಸನ್ನು ಅಳೆಯುವ ವಿದ್ಯೆಯನ್ನು ಲಂಡನ್ನಿನಲ್ಲಿ ಕಲಿತು ಬಂದವರೆಂಬುದು ಅಷ್ಟಾಗಿ ನೆನಪಿಲ್ಲ. ಕಾಲೇಜಿನಲ್ಲಿ ಮನಸ್ಸಿನ ಪಾಠ ನಡೆಯುತ್ತಿದ್ದಾಗ ಎಡತೊರೆಯ ಜನ ಹಳೆಯ ಮನೆ ಬಿಟ್ಟು ಹೊಸ ಮನೆಗೆ ಪಾತ್ರೆಪಡಗ ಸಾಗಿಸುವ ಕಾಲ ಸಮೀಪಿಸುತ್ತಿತ್ತು. ಇವರಿಗೂ ಅವರಿಗೂ ಆಗ ಸಂಬಂಧವಿರಲಿಲ್ಲ.

ಎಡತೊರೆಯವರ ಅದೃಷ್ಟ ಒಂದಿತ್ತೆನ್ನಬೇಕು. ಹೊಸ ಪಟ್ಟಣ ಹಳೆಯದರಿಂದ ನಡೆದುಹೋಗುವಷ್ಟೇ ದೂರ. ಬೀದಿ ನೇರವಾಯಿತು, ಮನೆ ಹೊಸದಾಯಿತು; ಆದರೆ ಹೊಳೆ ಅದೇ, ಗದ್ದೆ ಅದೇ, ಸಾಲಗಾರನೂ ಅವನೇ. ಅರ್ಕೇಶ್ವರ ಹಳೆಯ ಎಡತೊರೆಯಲ್ಲಿ ಹೊಳೆಯ ಪಕ್ಕದಲ್ಲೇ ಉಳಿದ. ಭಕ್ತರು ನಡೆದು ಬಂದರು. ನಾನು ಆ ಗುಡಿಯ ಮುಂದೆ ನಿಂತಾಗ ಕೃಷ್ಣರಾಜನಗರದಿಂದ ಬಂದ ಒಂದು ಮದುವೆಯ ತಂಡ ನದಿಗೆ ಪೂಜೆ ಮಾಡುತ್ತಿತ್ತು. ಊರು ಬದಲಾಗಿ ನಾಲ್ಕು ತಲೆಮಾರು ಕಳೆದರೂ ಶುಭಕಾರ್ಯಕ್ಕೆ ಹಳೆಯ ದಂಡೆಯೇ ಬೇಕು.

ಮನುಷ್ಯ ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ದಾಟುವಾಗ ಏನಾಗುತ್ತದೆ? ಹುಟ್ಟು, ಮದುವೆ, ಸಾವು ಮೊದಲಾದ ಸಂದರ್ಭಗಳ ಆಚರಣೆಗಳನ್ನೆಲ್ಲ ಕಲೆಹಾಕಿ 1909ರಲ್ಲಿ ಫ್ರಾನ್ಸಿನ ಆರ್ನಾಲ್ಡ್ ವಾನ್ ಗೆನೆಪ್ ಒಂದು ಪುಸ್ತಕ ಬರೆದ. ಮೊದಲು ಬಿಡುಗಡೆ, ಆಮೇಲೆ ಇಲ್ಲಿಯೂ ಸಲ್ಲದ ಅಲ್ಲಿಯೂ ಸಲ್ಲದ ನಡುಗಾಲ, ಕೊನೆಗೆ ಸೇರ್ಪಡೆ ಎಂದು ಅವನು ಮೂರು ಹಂತಗಳನ್ನು ಗುರುತಿಸಿದ; ನಡುಗಾಲಕ್ಕೆ ಹೊಸ್ತಿಲಿನ ಹೆಸರನ್ನಿಟ್ಟ. ನಮ್ಮ ಹೆಂಗಸರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತೌರಿನಿಂದ ಹೊರಡುವ ಮಗಳಿಗೆ ಮಡಿಲು ತುಂಬುತ್ತಾರೆ. ಗಂಡನ ಮನೆಯ ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರನ್ನಿಟ್ಟು ಕಾಲಿನಿಂದ ಒದೆಸಿ ಒಳಗೆ ಕರೆದುಕೊಳ್ಳುತ್ತಾರೆ. ಒಬ್ಬ ಹುಡುಗಿ ದಾಟುವುದಕ್ಕೆ ಇಷ್ಟು ಏರ್ಪಾಡುಂಟು. ಇಡೀ ಊರು ದಾಟಬೇಕಾಗಿ ಬಂದಾಗ ಅದಕ್ಕೆ ಯಾರು ಮಡಿಲು ತುಂಬಬೇಕು?

ಈ ಪ್ರಶ್ನೆಗೆ ಬರುವ ಮೊದಲು ಬೆಂಗಳೂರಿಗೆ ಒಮ್ಮೆ ಹೋಗಿಬರಬೇಕು. 1954ರಲ್ಲಿ ಅಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. ಅದರ ಮೊದಲ ನಿರ್ದೇಶಕರು ಡಾ. ಎಂ. ವಿ. ಗೋವಿಂದಸ್ವಾಮಿ. ಹಳೆಯ ಮಾನಸಿಕ ಆಸ್ಪತ್ರೆಯೂ ಈ ಸಂಸ್ಥೆಯೂ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಆಯಿತು. ಅಲ್ಲಿಯೇ ನಿರ್ದೇಶಕರಾಗಿದ್ದ ಡಾ. ಎನ್. ಸಿ. ಸೂರ್ಯ ಅವರು ಜಯರಾಮ್ ಎಂಬವರೊಡನೆ 1964ರಲ್ಲಿ ಒಂದು ಸಣ್ಣ ಲೇಖನ ಬರೆದರು. ನಾಲ್ಕೇ ಪುಟದ್ದು. ಆದರೆ ನನ್ನ ದೃಷ್ಟಿಯಲ್ಲಿ ಈ ದೇಶದಲ್ಲಿ ಮನೋಚಿಕಿತ್ಸೆಯನ್ನು ಕುರಿತು ಬಂದ ಬರಹಗಳಲ್ಲಿ ಅಷ್ಟು ತೂಕದವು ವಿರಳ. ಅದರ ತಿರುಳು ಇದು: ನಮ್ಮ ರೋಗಿ ತನ್ನ ಅಂತರಂಗವನ್ನು ಬಗೆಬಗೆದು ನೋಡಿಕೊಳ್ಳುವುದಕ್ಕೆ ವೈದ್ಯನ ಬಳಿಗೆ ಬರುವುದಿಲ್ಲ, ಕಷ್ಟದಲ್ಲಿ ಜೊತೆಗೆ ನಿಲ್ಲುವ, ಮನೆಯ ಹಿರಿಯನಂಥ ಒಬ್ಬನನ್ನು ಹುಡುಕಿಕೊಂಡು ಬರುತ್ತಾನೆ. ವಿಯೆನ್ನಾದ ಮಂಚವನ್ನು ಇಲ್ಲಿ ತಂದು ಹಾಕಿದರೆ ಅದರ ಮೇಲೆ ಮಲಗುವವರು ಸಿಕ್ಕುವುದು ಕಷ್ಟ. ಸಿಕ್ಕಿದರೂ ಅವನ ಪಕ್ಕದಲ್ಲಿ ಅಣ್ಣ, ಅತ್ತೆ, ಊರ ಗೌಡ ಎಲ್ಲರೂ ಕೂತಿರುತ್ತಾರೆ.

ಅಮೆರಿಕದಲ್ಲಿ ಕಾರ್ಲ್ ರೋಜರ್ಸ್ 1951ರ ತನ್ನ ಪುಸ್ತಕದಲ್ಲಿ, ಸಲಹೆ ಕೇಳಲು ಬಂದವನನ್ನು ರೋಗಿಯೆಂದು ಕಾಣದೆ ಮನುಷ್ಯನೆಂದು ಕಾಣಬೇಕೆಂದು ವಾದಿಸಿದ. 1977ರಲ್ಲಿ ಜಾರ್ಜ್ ಎಂಗೆಲ್ ಎಂಬ ವೈದ್ಯ, ದೇಹ, ಮನಸ್ಸು, ಸಮಾಜ ಮೂರನ್ನೂ ಒಟ್ಟಾಗಿ ನೋಡದೆ ಕಾಯಿಲೆ ಅರ್ಥವಾಗದೆಂದು ಬರೆದ. ಇಂದು ಆಪ್ತಸಲಹೆಯನ್ನು ಕಲಿಯುವವರು ‘ಇಡಿಯ ಮನುಷ್ಯ’ ಎನ್ನುವುದು ಇಂಥ ಮಾತುಗಳ ಆಧಾರದ ಮೇಲೆ. ನೌಕರಿಯಿಂದ ನಿವೃತ್ತನಾದವನು, ಗಂಡ ಸತ್ತವಳು, ಹಳ್ಳಿಯಿಂದ ಪಟ್ಟಣದ ಹಾಸ್ಟೆಲಿಗೆ ಬಂದ ಹುಡುಗ, ಇವರು ಬಂದಾಗ ‘ನಿದ್ದೆ ಬರುತ್ತದೆಯೇ’ ಎಂದಷ್ಟೇ ಕೇಳಿದರೆ ಸಾಲದು. ಊಟ ಯಾರೊಡನೆ? ಸಾಲ ಎಷ್ಟು? ಬೆಳಗ್ಗೆ ಎದ್ದು ಯಾವ ದೇವರಿಗೆ ಕೈಮುಗಿಯುತ್ತೀರಿ? ಮೊದಲು ಮಾಡುತ್ತಿದ್ದ ಯಾವ ಕೆಲಸ ಈಗ ಇಲ್ಲ? ಪರಿಚಿತರೊಬ್ಬರು ಈ ವೃತ್ತಿಯಲ್ಲಿದ್ದಾರೆ. “ಎದೆ ಭಾರ ಅಂತಾರೆ, ಕೈಕಾಲು ಸೋತವು ಅಂತಾರೆ, ಜೀವ ಹಾರಿದ ಹಾಗೆ ಆಗುತ್ತೆ ಅಂತಾರೆ. ‘ನನಗೆ ದುಃಖ’ ಅಂತ ಹೇಳಿಕೊಂಡು ಬರುವವರು ಅಪರೂಪ” ಎಂದರು ಅವರು. ಕನ್ನಡದಲ್ಲಿ ದುಃಖಕ್ಕೆ ಮೈಯೇ ಮಾತು. ಭಾಷೆ ತಿಳಿಯದ ವೈದ್ಯ ಇದಕ್ಕೆ ಎದೆಯ ಪಟ ತೆಗೆಸುತ್ತಾನೆ.

ಈಗ ಬೈಲುಕುಪ್ಪೆಗೆ ಬರೋಣ. ಪಿರಿಯಾಪಟ್ಟಣ ತಾಲ್ಲೂಕಿನ ಈ ಹಳ್ಳಿಯ ಮಗ್ಗುಲಲ್ಲಿ ಮೈಸೂರು ಸರ್ಕಾರ ಸುಮಾರು 3,000 ಎಕರೆ ಕಾಡುಭೂಮಿಯನ್ನು ಟಿಬೆಟ್ಟಿನ ನಿರಾಶ್ರಿತರಿಗೆ ಬಿಟ್ಟುಕೊಟ್ಟಿತು. 1960ರ ಕೊನೆಯಲ್ಲಿ ಮೊದಲ ತಂಡ ಬಂದಿತು. ಹಿಮದ ನಾಡಿನಿಂದ ದಲೈ ಲಾಮಾ 1959ರಲ್ಲಿ ಭಾರತಕ್ಕೆ ಬಂದ ಮೇಲೆ, ಅವರ ಹಿಂದೆಯೇ ಬೆಟ್ಟ ದಾಟಿದವರು ಇವರು. ದಾರಿಯಲ್ಲಿ ಸತ್ತವರೆಷ್ಟೋ, ಬಂದ ಮೇಲೆ ಬಿಸಿಲಿಗೆ ಕಾಯಿಲೆಗೆ ಬಲಿಯಾದವರೆಷ್ಟೋ. ಡೇರೆಯಲ್ಲಿ, ಬಿದಿರಿನ ಗುಡಿಸಲಲ್ಲಿ ಇದ್ದುಕೊಂಡು ಕಾಡು ಕಡಿದರು. ಮುಸುಕಿನ ಜೋಳ ಬೆಳೆದರು. ರಾತ್ರಿ ಆನೆ ಬಂದು ಅದನ್ನು ತಿಂದುಹೋಯಿತು. ಮಣಿಚಕ್ರ ತಿರುಗಿಸುತ್ತ ಕುಳಿತಿದ್ದ ಒಬ್ಬ ಮುದುಕಿಯನ್ನು ನಾನು ಆ ದಿನಗಳ ಬಗ್ಗೆ ಕೇಳಿದೆ. ಸಂತೆಯಲ್ಲಿ ಕಲಿತ ಕನ್ನಡದಲ್ಲಿ ಆಕೆ, “ಆಗ ಬರೀ ಕಾಡು ಸ್ವಾಮಿ. ಬಿಸಿಲು ನೋಡಿದ್ರೆ ಅಳು ಬರ್ತಿತ್ತು” ಎಂದಳು. ಅಷ್ಟು ಹೇಳಿ ಚಕ್ರ ತಿರುಗಿಸುವುದನ್ನು ಮುಂದುವರಿಸಿದಳು.

ಇಲ್ಲಿ ಗಮನಿಸಬೇಕಾದುದು ಅವರು ಏನನ್ನು ಮೊದಲು ಕಟ್ಟಿದರೆಂಬುದು. ಹೊಟ್ಟೆ ತುಂಬುವ ಮೊದಲೇ ಗುಡಿ ಕಟ್ಟಿದರು. 1963ರಲ್ಲಿ ಪೆನೋರ್ ರಿನ್‌ಪೋಚೆಯವರು ನಮ್‌ದ್ರೋಲಿಂಗ್ ಮಠವನ್ನು ಸ್ಥಾಪಿಸಿದಾಗ ಅದು ಬಿದಿರಿನದೊಂದು ಸಣ್ಣ ಗುಡಿ. ಇಂದು ಪ್ರವಾಸಿಗಳು ಬಸ್ಸು ಮಾಡಿಕೊಂಡು ನೋಡಲು ಬರುವ ‘ಗೋಲ್ಡನ್ ಟೆಂಪಲ್’ ಅದೇ ಮಠದ್ದು. ಅದು ಸಿದ್ಧವಾದದ್ದು 1999ರಲ್ಲಿ. ಲಾಸಾದ ಸೆರಾ ಮಹಾವಿದ್ಯಾಲಯದ ಸುಮಾರು 300 ಮಂದಿ ಭಿಕ್ಷುಗಳು ಬಂಗಾಳದ ಬಕ್ಸಾ ಶಿಬಿರದಲ್ಲಿ ವರ್ಷಗಳನ್ನು ಕಳೆದು 1970ರಲ್ಲಿ ಇಲ್ಲಿಗೆ ಬಂದು ಅದನ್ನು ಮತ್ತೆ ನೆಲೆಗೊಳಿಸಿದರು. ಹುಣಸೂರಿನ ಗುರುಪುರದಲ್ಲಿ 1972ರಲ್ಲಿ ಇನ್ನೊಂದು ವಸತಿ ಎದ್ದಿತು. ಶಾಲೆ, ಸಹಕಾರ ಸಂಘ, ರತ್ನಗಂಬಳಿ ನೇಯುವ ಕೇಂದ್ರ, ವೃದ್ಧರಿಗೆ ಮನೆ, ಒಂದೊಂದಾಗಿ ಬಂದವು. ಹೊರಗಿನ ನೆರವೂ ಸಣ್ಣದಾಗಿರಲಿಲ್ಲ. 1968ರಲ್ಲಿ ಹುಟ್ಟಿದ ‘ಮೈರಾಡ’ ಎಂಬ ಸಂಸ್ಥೆ ಮೊದಲು ಕೈಹಚ್ಚಿದ್ದು ಈ ಟಿಬೆಟ್ಟಿನವರ ನೆಲೆಯೂರುವಿಕೆಗೇ. ನಮ್ಮ ಹಳ್ಳಿಗಳ ಬಡವರ ಕಡೆಗೆ ಅದು ತಿರುಗಿದ್ದು ಆಮೇಲೆ.

ಅವರ ವೈದ್ಯವೂ ಜೊತೆಯಲ್ಲಿ ಬಂದಿತು. 1961ರಲ್ಲಿ ಧರ್ಮಶಾಲೆಯಲ್ಲಿ ಮತ್ತೆ ಆರಂಭವಾದ ಮೆನ್-ತ್ಸೀ-ಖಾಂಗ್ ಎಂಬ ವೈದ್ಯಸಂಸ್ಥೆಯ ಶಾಖೆ ಬೈಲುಕುಪ್ಪೆಯಲ್ಲಿಯೂ ಇದೆ. ವಾಗ್ಭಟನ ‘ಅಷ್ಟಾಂಗಹೃದಯ’ 11ನೆಯ ಶತಮಾನದಲ್ಲಿಯೇ ಟಿಬೆಟ್ಟಿನ ಭಾಷೆಗೆ ಹೋಗಿತ್ತು. ಆದ್ದರಿಂದ ಅವರ ಪದ್ಧತಿಗೂ ನಮ್ಮ ಆಯುರ್ವೇದಕ್ಕೂ ಬಳಗದ ಸಂಬಂಧವಿದೆ. ಅವರ ಲೆಕ್ಕದಲ್ಲಿ ಮೈಯಲ್ಲಿ ಸಂಚರಿಸುವ ‘ಲುಂಗ್’, ಎಂದರೆ ಗಾಳಿ, ಮನಸ್ಸಿಗೆ ವಾಹನ. ಅತಿಯಾದ ಚಿಂತೆ, ಅಗಲಿಕೆ, ಹಸಿವು, ನಿದ್ದೆಗೇಡು ಇವುಗಳಿಂದ ಗಾಳಿ ಕೆರಳುತ್ತದೆ. ಎದೆ ಬಡಿದುಕೊಳ್ಳುತ್ತದೆ, ಕಣ್ಣೀರು ಸುಮ್ಮನೆ ಹರಿಯುತ್ತದೆ. ವೈದ್ಯ ನಾಡಿ ಹಿಡಿದು ನೋಡಿ ಮಾತ್ರೆ ಕೊಡುತ್ತಾನೆ. ಬಿಸಿ ಸಾರು ಕುಡಿ, ಒಬ್ಬನೇ ಇರಬೇಡ, ಸ್ನೇಹಿತರ ನಡುವೆ ಕೂತಿರು ಎಂದೂ ಹೇಳುತ್ತಾನೆ. ದೇಶ ಕಳೆದುಕೊಂಡವನ ದುಃಖವನ್ನು ಮೈಯ ಕಾಯಿಲೆ ಎಂದೋ ಮನಸ್ಸಿನದು ಎಂದೋ ಅಲ್ಲಿ ಪಾಲುಮಾಡುವ ಗೋಜಿಲ್ಲ. ಭಾರತ ಸರ್ಕಾರ ಈ ಪದ್ಧತಿಗೆ 2010ರಲ್ಲಿ ಕಾನೂನಿನ ಮನ್ನಣೆ ಕೊಟ್ಟಿತು.

ಇದನ್ನೆಲ್ಲ ಹೇಳುವುದು ಟಿಬೆಟ್ಟಿನವರು ಸುಖವಾಗಿದ್ದಾರೆಂಬ ಭ್ರಮೆ ಹುಟ್ಟಿಸುವುದಕ್ಕಲ್ಲ. ಚಳಿಗಾಲದಲ್ಲಿ ನಮ್ಮ ಪಟ್ಟಣಗಳ ಫುಟ್‌ಪಾತಿನಲ್ಲಿ ಸ್ವೆಟರು ಮಾರುವವರ ಮುಖ ನೋಡಿದವರಿಗೆ ಅದು ಗೊತ್ತು. ಮೊಮ್ಮಕ್ಕಳು ಈಗ ಕೆನಡಾ, ಅಮೆರಿಕಗಳಿಗೆ ಹೊರಟಿದ್ದಾರೆ. ಮುದುಕರು ಎರಡನೆಯ ಸಲ ಅಗಲಿಕೆಯನ್ನು ನೋಡುತ್ತಿದ್ದಾರೆ. ಆದರೂ 1960ರಲ್ಲಿ ಒಂದು ಸರಿಯಾದ ಕೆಲಸ ನಡೆಯಿತು. ಜನರನ್ನು ಒಡೆದು ಹಂಚಲಿಲ್ಲ. ಊರು, ಗುರು, ವೈದ್ಯ, ಭಾಷೆ, ಹಬ್ಬ ಎಲ್ಲವೂ ಒಟ್ಟಿಗೆ ಇಳಿಯಲು ಜಾಗ ಕೊಟ್ಟರು.

ಅಲ್ಲಿಂದ ದಕ್ಷಿಣಕ್ಕೆ ಇಳಿದರೆ ಕಥೆ ಬೇರೆ. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೀಚನಹಳ್ಳಿಯ ಬಳಿ ಕಪಿಲೆಗೆ ಕಟ್ಟಿದ ಅಣೆಕಟ್ಟು 1974ರಲ್ಲಿ ಮುಗಿಯಿತು. ಹಿನ್ನೀರಿನಲ್ಲಿ ಹಳ್ಳಿಗಳೂ ಹಾಡಿಗಳೂ ಮುಳುಗಿದವು. ಬೇಸಗೆಯಲ್ಲಿ ನೀರು ಇಳಿದಾಗ ಹಳೆಯ ಗೋಡೆ, ಮರದ ಬೊಡ್ಡೆಗಳು ಮೇಲೆ ಕಾಣುವುದುಂಟು. ಇನ್ನೊಂದು ಕಡೆ, ಒಡೆಯರ ಬೇಟೆಯ ಕಾಡಾಗಿದ್ದ ನಾಗರಹೊಳೆ 1955ರಲ್ಲಿ ಅಭಯಾರಣ್ಯವಾಯಿತು. ಅನಂತರ ರಾಷ್ಟ್ರೀಯ ಉದ್ಯಾನವಾಯಿತು. 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಕಾಡಿನೊಳಗಿದ್ದ ಜೇನುಕುರುಬರು, ಬೆಟ್ಟಕುರುಬರು, ಎರವರನ್ನು ಹೊರಗೆ ಕಳಿಸುವ ಕೆಲಸ ದಶಕಗಳ ಕಾಲ ನಡೆಯಿತು. ಹೊರಗೆ ಬಂದವರು ಕಾಡಂಚಿನಲ್ಲಿ ಗುಡಿಸಲು ಹಾಕಿಕೊಂಡರು. ಅನೇಕರು ಕೊಡಗಿನ ಕಾಫಿ ತೋಟಗಳಿಗೆ ಕೂಲಿಗೆ ಹೋದರು. ಹುಣಸೂರು ತಾಲ್ಲೂಕಿನ ನಾಗಾಪುರದಂಥ ಪುನರ್ವಸತಿ ಕೇಂದ್ರಗಳಲ್ಲಿ ಮನೆ, ಜಮೀನು ಕೊಟ್ಟದ್ದೂ ಉಂಟು. ಉಚ್ಚ ನ್ಯಾಯಾಲಯ ನೇಮಿಸಿದ ಮುಜಾಫರ್ ಅಸ್ಸಾದಿಯವರ ಸಮಿತಿ 2014ರಲ್ಲಿ ವರದಿ ಕೊಟ್ಟಾಗ ಲೆಕ್ಕಕ್ಕೆ ಸಿಕ್ಕ ಕುಟುಂಬಗಳು 3,418.

ಕುಟುಂಬಕ್ಕೆ ಇಷ್ಟು ಎಕರೆ, ಇಷ್ಟು ರೂಪಾಯಿ. ಇದು ಸರ್ಕಾರದ ಭಾಷೆ. ಅದನ್ನು ನಾನು ಹೀಗಳೆಯುವುದಿಲ್ಲ, ಎಷ್ಟೋ ಜನಕ್ಕೆ ಅದೂ ಸರಿಯಾಗಿ ಮುಟ್ಟಲಿಲ್ಲ. ಆದರೆ ಜೇನುಕುರುಬರ ಒಂದು ಹಾಡಿ ಎಂದರೆ ಏನು? ನ್ಯಾಯ ಹೇಳುವ ಯಜಮಾನ ಒಬ್ಬ, ದೇವರ ಮಾತನ್ನು ಹೇಳುವ ಗುಡ್ಡ ಇನ್ನೊಬ್ಬ. ಸತ್ತ ಹಿರೀಕರು ಎಲ್ಲಿಗೂ ಹೋಗುವುದಿಲ್ಲ; ಆ ಕಾಡಿನಲ್ಲಿಯೇ ಇರುತ್ತಾರೆ. ಹೆಜ್ಜೇನಿನ ಮರ, ಗೆಡ್ಡೆ ಸಿಗುವ ಜಾಗ, ದೇವರ ಕಲ್ಲು, ಹೆಣ ಹೂಳಿದ ಸ್ಥಳ ಇವೆಲ್ಲ ಸೇರಿ ಒಬ್ಬ ಮನುಷ್ಯ. ಆತನನ್ನು ಹೊರಗೆ ತಂದು ಎತ್ತು ನೇಗಿಲು ಕೊಟ್ಟು ‘ಇನ್ನು ನೀನು ರೈತ’ ಎಂದರೆ, ಬಂದವನು ಅವನ ಕಾಲು ಪಾಲು ಮಾತ್ರ. ಉಳಿದ ಮುಕ್ಕಾಲು ಪಾಲಿನ ಜಾಗದಲ್ಲಿ ಸಾರಾಯಿ ಬಂದು ಕೂತಿತು. ಕುಡಿತವನ್ನು ಕಂಡು ‘ಇವರ ಹಣೆಯಬರಹವೇ ಇಷ್ಟು’ ಎಂದು ಪಟ್ಟಣದವರು ಹೇಳುವುದನ್ನು ನಾನು ಬಸ್ಸಿನಲ್ಲಿಯೇ ಕೇಳಿದ್ದೇನೆ. ಹಾಗೆ ಹೇಳಿದವರು ನಿವೃತ್ತಿಯಾದ ಮರುವರ್ಷವೇ ರಕ್ತದೊತ್ತಡದ ಮಾತ್ರೆ ನುಂಗುವವರಾಗಿದ್ದರೆ ಆಶ್ಚರ್ಯವಿಲ್ಲ. ಮೂವತ್ತು ವರ್ಷ ಕೂತ ಕುರ್ಚಿಯೊಂದು ಹೋದರೆ ನಮಗೇ ಹಾಗಾಗುತ್ತದೆ.

ಮಧ್ಯೆ ಒಂದು ಮಾತು. ಕೊಡಗಿನ ದೇವರಪುರದಲ್ಲಿ ಪ್ರತಿ ವರ್ಷ ಮೇ ತಿಂಗಳಲ್ಲಿ ಕುಂಡೆ ಹಬ್ಬ ನಡೆಯುತ್ತದೆ. ಕುರುಬರು, ಎರವರು ಬಗೆಬಗೆಯ ವೇಷ ಹಾಕಿ, ದಾರಿಯಲ್ಲಿ ಸಿಕ್ಕವರನ್ನೂ ದೇವರನ್ನೂ ಬಾಯಿಗೆ ಬಂದಂತೆ ಬೈದು ಹಾಡಿ ಕಾಸು ಕೇಳುತ್ತಾರೆ. ವರ್ಷವೆಲ್ಲ ಯಾರ ತೋಟದಲ್ಲಿ ತಲೆ ತಗ್ಗಿಸಿದ್ದರೋ ಅವರನ್ನೂ ಬಿಡುವುದಿಲ್ಲ. ಮಡಿವಂತರು ಮೂಗು ಮುರಿಯುತ್ತಾರೆ. ಎದೆಯ ಭಾರ ಇಳಿಸಲು ಗಂಟೆಗೆ ಇಷ್ಟು ರೂಪಾಯಿ ತೆರುವ ಪಟ್ಟಣಿಗರು ಇದನ್ನೊಮ್ಮೆ ಹೋಗಿ ನೋಡಬೇಕು.

1984ರಲ್ಲಿ ಮೈಸೂರು ಮೆಡಿಕಲ್ ಕಾಲೇಜಿನ ವಿದ್ಯಾರ್ಥಿ ಆರ್. ಬಾಲಸುಬ್ರಹ್ಮಣ್ಯಂ ಮತ್ತು ಅವರ ಗೆಳೆಯರು ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಎಂಬ ಸಂಸ್ಥೆ ಕಟ್ಟಿದರು. ಮುಂದೆ ಅವರು ಹೆಗ್ಗಡದೇವನಕೋಟೆಯ ಹಾಡಿಗಳಿಗೆ ಹೋದದ್ದು ಔಷಧಿಯ ಪೆಟ್ಟಿಗೆ ಹಿಡಿದುಕೊಂಡು. ಆದರೆ ಪೆಟ್ಟಿಗೆ ಒಂದರಿಂದ ಸಾಗದೆಂದು ಬೇಗ ತಿಳಿಯಿತೆಂದು ಕಾಣುತ್ತದೆ. ಕೆಂಚನಹಳ್ಳಿ, ಸರಗೂರುಗಳಲ್ಲಿ ಆಸ್ಪತ್ರೆ ಬಂದಂತೆಯೇ ಹೊಸಹಳ್ಳಿಯಲ್ಲಿ ಗಿರಿಜನ ಮಕ್ಕಳ ಶಾಲೆ ಬಂದಿತು. ಜಮೀನಿನ ಹಕ್ಕಿನ ಮಾತು, ಸ್ವಸಹಾಯ ಸಂಘದ ಮಾತು ಅದರ ಹಿಂದೆ ಬಂದವು. ರಕ್ತಹೀನತೆಗೆ ಮಾತ್ರೆ ಕೊಡಹೋದವನು ಪಡಿತರ ಚೀಟಿಯ ವಿಚಾರಕ್ಕೆ ತಾಲ್ಲೂಕು ಕಚೇರಿಗೆ ಅಲೆಯಬೇಕಾದರೆ, ಸೂರ್ಯ ಅವರು 1964ರಲ್ಲಿ ಬರೆದದ್ದು ಅದನ್ನೇ ಅಲ್ಲವೇ?

ನಿಮ್ಹಾನ್ಸಿನವರೂ ಆ ಹೊತ್ತಿಗೆ ಆಸ್ಪತ್ರೆಯ ಗೋಡೆಯಿಂದ ಹೊರಗೆ ಬಂದಿದ್ದರು. 1970ರ ದಶಕದಲ್ಲಿ ಬೆಂಗಳೂರಿನ ಬಳಿಯ ಸಕಲವಾರದಲ್ಲಿ ಗ್ರಾಮೀಣ ಕೇಂದ್ರ ತೆರೆದರು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ನೋಡಿದರು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಕರ್ನಾಟಕದಲ್ಲಿ 2014ರಲ್ಲಿ ‘ಮನೋಚೈತನ್ಯ’ ಎಂಬ ಹೆಸರಿನಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋವೈದ್ಯ ಶಿಬಿರಗಳು ಶುರುವಾದವು. ಅದರ ಮರುವರ್ಷವೇ ಈ ಸೀಮೆಗೆ ಅದರ ಅಗತ್ಯ ಬಿದ್ದಿತು. 2015ರಲ್ಲಿ ಹೊಗೆಸೊಪ್ಪಿನ ಬೆಲೆ ಕುಸಿದು, ಹುಣಸೂರು, ಪಿರಿಯಾಪಟ್ಟಣದ ಕಡೆ ಬ್ಯಾರನ್ನಿಗೆ ಸಾಲ ಮಾಡಿದ್ದ ಬೆಳೆಗಾರರು ಜೀವ ಕಳೆದುಕೊಂಡರು. ಅಲ್ಲಿಯೂ ನಡುಗಾಲದ್ದೇ ಸಂಕಟ: ರಾಗಿ ಹೊಲದ ಒಕ್ಕಲುತನ ಬಿಟ್ಟಾಗಿದೆ, ಹರಾಜು ಕಟ್ಟೆಯ ವ್ಯಾಪಾರ ಕೈಹತ್ತಿಲ್ಲ. ಸತ್ತ ಮೇಲೆ ಪರಿಹಾರದ ಕಾಗದ ಬರುತ್ತದೆ. ಸಾಯುವ ಮೊದಲು ‘ಯಜಮಾನ್ರೇ, ಊಟ ಆಯ್ತಾ? ಯಾಕೆ ಕಟ್ಟೆ ಕಡೆ ಕಾಣಲಿಲ್ಲ?’ ಎಂದು ಕೇಳಿಕೊಂಡು ಬರುವವರು ಬೇಕಾಗಿತ್ತು. 2022ರಿಂದ 14416 ಎಂಬ ಸಂಖ್ಯೆಗೆ ಫೋನು ಮಾಡಿದರೆ ಕನ್ನಡದಲ್ಲಿಯೇ ಮಾತನಾಡುವ ಆಪ್ತಸಲಹೆಗಾರರು ಸಿಗುತ್ತಾರೆ. ಈ ಟೆಲಿ-ಮಾನಸ್ ವ್ಯವಸ್ಥೆಗೆ ನಿಮ್ಹಾನ್ಸೇ ಕೇಂದ್ರ. ಒಳ್ಳೆಯದೇ. ಹಾಡಿಯ ಮುದುಕ ಆ ಸಂಖ್ಯೆಯನ್ನು ಒತ್ತುವನೇ ಎಂಬುದು ಬೇರೆ ಪ್ರಶ್ನೆ.

2025ರ ಮೇ ತಿಂಗಳಲ್ಲಿ ನಾಗರಹೊಳೆಯಲ್ಲಿ ಒಂದು ಘಟನೆ ನಡೆಯಿತು. ನಲವತ್ತು ವರ್ಷಗಳ ಹಿಂದೆ ಕಾಡಿನಿಂದ ಹೊರಬಿದ್ದಿದ್ದ ಸುಮಾರು 50 ಜೇನುಕುರುಬ ಕುಟುಂಬಗಳು ಕೊಡಗಿನ ಭಾಗದ ಕರಡಿಕಲ್ಲು ಅತ್ತೂರು ಕೊಲ್ಲಿಗೆ ನಡೆದುಕೊಂಡು ಹೋಗಿ ಮತ್ತೆ ಗುಡಿಸಲು ಹಾಕತೊಡಗಿದವು. ಅರಣ್ಯ ಇಲಾಖೆಯವರು, ಪೊಲೀಸರು ಬಂದರು. ಕುರುಬರ ಕೈಯಲ್ಲಿ 2006ರ ಅರಣ್ಯ ಹಕ್ಕು ಕಾಯಿದೆಯ ಅರ್ಜಿಗಳಿದ್ದವು. ಜಮೀನಿನ ಮಾತಿನ ಜೊತೆಗೆ ಅವರು ಇನ್ನೊಂದು ಮಾತನ್ನೂ ಹೇಳಿದರು: ತಮ್ಮ ದೈವಗಳೂ ಹಿರೀಕರೂ ಅಲ್ಲಿಯೇ ಇದ್ದಾರೆ, ಬಿಟ್ಟುಬಂದುದಕ್ಕೆ ಅವರಿಗೆ ಸಿಟ್ಟಿದೆ ಎಂದು. ಪತ್ರಿಕೆಗಳಲ್ಲಿ ಮೊದಲ ಮಾತು ದೊಡ್ಡಕ್ಷರದಲ್ಲಿ ಬಂದಿತು. ಎರಡನೆಯದು ವರದಿಯ ಕೊನೆಯ ಸಾಲುಗಳಲ್ಲಿ ಇತ್ತು.